ತಿಮ್ಮರಾಯಪ್ಪನವರ ಆನ್‌ಲೈನ್ ಮುಯ್ಯಿ

ನಮ್ಮ ಮನೆ ಓನರ್ ತಿಮ್ಮರಾಯಪ್ಪನವರು ಕೊರಳಿಗೆ ಟ್ಯಾಗ್ ನೇತುಹಾಕಿಕೊಂಡು ಗೇಟಿನ ಪಕ್ಕ ಕುರ್ಚಿ ಹಾಕಿ ಕೂತದ್ದನ್ನು ಮೊದಲ ಸಲ ನೋಡಿದಾಗ ನನಗೆ ನಗು ಬಂತು. ಅದು ಮುಂದೆ ನನ್ನ ಎಂಬತ್ತು ಸಾವಿರ ರೂಪಾಯಿ ಅಡ್ವಾನ್ಸಿನ ಕುತ್ತಿಗೆಗೆ ಬರುತ್ತದೆ ಎಂದು ಗೊತ್ತಿದ್ದರೆ ಖಂಡಿತ ನಗುತ್ತಿರಲಿಲ್ಲ.

ತಿಮ್ಮರಾಯಪ್ಪನವರು ಬೇಗೂರಿನ ಹಳೆಯ ಕುಳ. ಅವರಪ್ಪ ರಾಗಿ, ಹುರುಳಿ ಬೆಳೆಯುತ್ತಿದ್ದ ಜಮೀನಿನಲ್ಲಿ ಇವರು ಮೂರಂತಸ್ತಿನ ಕಟ್ಟಡ ಬೆಳೆದಿದ್ದಾರೆ. ಕೆಳಗೆ ಅವರು, ಮೇಲೆ ನಾವು ಬಾಡಿಗೆಯವರು. ಹೊರಗಿನಿಂದ ನೋಡಿದವರು ಸುಖಪುರುಷ ಅನ್ನಬೇಕು. ಆದರೆ ಬಾಡಿಗೆಯೆಲ್ಲ ನೇರವಾಗಿ ಹೋಗಿ ಬೀಳುವುದು ಅವರ ಹೆಂಡತಿ ಅಂಜನಮ್ಮನವರ ಖಾತೆಗೆ. ಹೊರಗೆ ಒಂದು ಕಾಫಿ ಕುಡಿಯಬೇಕೆಂದರೂ ತಿಮ್ಮರಾಯಪ್ಪನವರು ಅಡುಗೆಮನೆಗೆ ಅರ್ಜಿ ಹಾಕಿಕೊಳ್ಳಬೇಕು. ಇದರ ಜೊತೆಗೆ ಇನ್ನೊಂದು ಕೊರಗು. ಬೆಳಗಾದರೆ ನಾವು ಬಾಡಿಗೆಯವರೆಲ್ಲ ಟ್ಯಾಗ್ ಹಾಕಿಕೊಂಡು ಕೆಲಸಕ್ಕೆ ಓಡುತ್ತೇವೆ, ತಿಂಗಳ ಕೊನೆಗೆ ‘ಸಂಬಳ ಆಯ್ತು’ ಎನ್ನುತ್ತೇವೆ. ಹುಟ್ಟಿದಾಗಿನಿಂದ ಒಂದು ಸಲವೂ ಸಂಬಳ ಎಂಬುದನ್ನು ಕಾಣದ ಅವರು ಆ ಮಾತು ಕಿವಿಗೆ ಬಿದ್ದರೆ ಎದ್ದು ಒಳಗೆ ಹೋಗಿಬಿಡುತ್ತಿದ್ದರು.

“ಏನ್ ಅಂಕಲ್, ಟ್ಯಾಗು?” ಎಂದೆ.

“ಕೆಲ್ಸ ಸಿಕ್ತು ಕಣಪ್ಪ ಪ್ರಮೋದ. ಆನ್‌ಲೈನು. ರಿವ್ಯೂ ಆಫೀಸರ್ರು. ಈಗ ಡ್ಯೂಟಿನಾಗಿವ್ನಿ, ಜಾಸ್ತಿ ಮಾತಾಡಂಗಿಲ್ಲ” ಎಂದು ಫೋನಿನ ಕಡೆ ಮುಖ ತಿರುಗಿಸಿದರು.

ಟ್ಯಾಗನ್ನು ಕಂಪನಿಯವರು ಕೊಟ್ಟಿರಲಿಲ್ಲ. ಬಸ್ ಸ್ಟಾಪಿನ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಇವರೇ ಹೇಳಿ ಮಾಡಿಸಿದ್ದರು. ಅಂಟಿಸಿದ ಫೋಟೋ ಮಗಳ ಮದುವೆಯದು, ತಲೆಯ ಮೇಲಿನ ಪೇಟ ಹಾಗೆಯೇ ಇತ್ತು.

ಕೆಲಸ ಇಷ್ಟೆ. ವಾಟ್ಸಾಪಿನಲ್ಲಿ ‘ತೇಜಸ್ವಿನಿ ಮೇಡಂ’ ಎಂಬವರು ಯಾವುದೋ ಊರಿನ ಹೋಟೆಲುಗಳ ಫೋಟೋ ಕಳಿಸುತ್ತಾರೆ. ಅವಕ್ಕೆ ಐದು ನಕ್ಷತ್ರ ಒತ್ತಿ ವಾಪಸ್ ಕಳಿಸಬೇಕು. ಮಗುವೂ ಮಾಡಬಹುದಾದ ಕೆಲಸ. ಆದರೆ ತಿಮ್ಮರಾಯಪ್ಪನವರು ಮರ್ಯಾದಸ್ಥರು, ನೋಡದೆ ವಿಚಾರಿಸದೆ ನಕ್ಷತ್ರ ಹಂಚುವವರಲ್ಲ.

“ಅಂಜನಾ, ಬಾರೆ ಇಲ್ಲಿ. ಈ ಗೋವಾ ಹೋಟ್ಲಿಗೆ ಎಷ್ಟು ಕೊಡಾನ?”

ಅಂಜನಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ಫೋನನ್ನು ದೂರ ಹಿಡಿದು ನೋಡಿದರು. “ಎಲ್ಲಾ ಹಾಸ್ಗೆ ಮ್ಯಾಲೂ ಬಿಳೀ ಬೆಡ್‌ಶೀಟು ಹಾಸವ್ರೆ. ಒಗಿಯೋಳ ಸೊಂಟ ಏನಾಗ್ಬೇಕು? ಎರಡು ಕೊಡಿ, ಸಾಕು.”

ಎರಡು ಹೋಯಿತು. ಮರುಕ್ಷಣ ಮೇಡಂ ಫೋನು. “ಸಾರ್, ಪ್ಲೀಸ್ ಸಾರ್, ಎಲ್ಲಾದಕ್ಕೂ ಐದೇ ಕೊಡಿ.”

“ಹಂಗೆಲ್ಲ ಆಗಕಿಲ್ಲ ಮೇಡಂ. ನಾಳೆ ಜನ ನನ್ನ ಮಾತು ನಂಬ್ಕಂಡು ಹೋಗಿ ಸೊಳ್ಳೆ ಕಚ್ಚಿಸ್ಕಂಡ್ರೆ ಯಾರ ಹೆಸ್ರು ಹೇಳ್ತಾರೆ? ಬೇಗೂರು ತಿಮ್ಮರಾಯಪ್ಪನ ಹೆಸ್ರೇ ಅಲ್ವಾ?”

ಮೋಸದ ವ್ಯವಹಾರಕ್ಕೆ ಇಷ್ಟು ಪ್ರಾಮಾಣಿಕವಾಗಿ ದುಡಿದ ಮನುಷ್ಯ ಇನ್ನೊಬ್ಬ ಇರಲಾರ. ಇದು ಮೋಸವೆಂದು ನನಗೆ ಮೊದಲ ದಿನವೇ ವಾಸನೆ ಬಡಿದಿತ್ತು. ಹೇಳಿಯೂ ಇದ್ದೆ. ಅವರು ಕೇಳಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಅವರ ಕೈಯಲ್ಲಿ ದುಡ್ಡೇ ಇಲ್ಲವಲ್ಲ, ಯಾರು ಏನು ಕಿತ್ತುಕೊಂಡಾರು ಎಂಬುದು ನನ್ನ ಲೆಕ್ಕಾಚಾರ.

ತಾರಸಿಯ ಮೇಲೆ ಹೊಸದಾಗಿ ಕಟ್ಟಿಸಿದ ಮನೆಗೆ ಅವರು ಹಾಲು ಉಕ್ಕಿಸಿದ ದಿನವೇ ಖಾತೆಗೆ ನಾನೂರೈವತ್ತು ರೂಪಾಯಿ ಬಂದು ಬಿತ್ತು. ಮೊದಲ ಸಂಬಳ! ತಿಮ್ಮರಾಯಪ್ಪನವರು ಊಟದ ಪಂಕ್ತಿಯಲ್ಲಿ ಎಲೆಯಿಂದ ಎಲೆಗೆ ಹೋಗಿ ಫೋನು ತೋರಿಸಿದರು. ಅಂಜನಮ್ಮನವರಿಗೆ ಮಾತ್ರ ಅದು ಸಂಬಳವಾಗಿ ಕಾಣಲಿಲ್ಲ. “ಅಯ್ಯೋ ಶಿವನೇ, ಗುರ್ತಿಲ್ಲ ಪರಿಚಯಿಲ್ಲ, ನಮ್ಮನೆ ಕಾರ್ಯಕ್ಕೆ ಮುಯ್ಯಿ ಹಾಕವ್ರಲ್ಲ!” ಎಂದು ಕಣ್ಣಗಲಿಸಿದರು.

ಮುಯ್ಯಿಯ ವಿಷಯದಲ್ಲಿ ಅಂಜನಮ್ಮ ಸುಪ್ರೀಂ ಕೋರ್ಟು. ನಮ್ಮ ಮನೆಯ ಮದುವೆ ಮುಂಜಿಗೆ ಯಾರು ಎಷ್ಟು ಕೊಟ್ಟರೋ, ಅವರ ಮನೆಯ ಕಾರ್ಯಕ್ಕೆ ಹೋಗಿ ಅದಕ್ಕಿಂತ ಒಂದಿಷ್ಟು ಹೆಚ್ಚು ಸೇರಿಸಿ ಕೊಡಬೇಕು. ಕೊಡದವರನ್ನು ಅವರು ಮನುಷ್ಯರ ಲೆಕ್ಕಕ್ಕೇ ಸೇರಿಸುತ್ತಿರಲಿಲ್ಲ.

ಇದಾಗಿ ಸ್ವಲ್ಪ ದಿನಕ್ಕೆ ಮೇಡಂ ಕಡೆಯಿಂದ ದೊಡ್ಡ ಸುದ್ದಿ ಬಂತು. ಕಂಪನಿಯ ವಾರ್ಷಿಕೋತ್ಸವವಂತೆ. ಆಯ್ದ ನೌಕರರಿಗೆ ವಿಐಪಿ ಟಾಸ್ಕ್ ಅಂತೆ. ಎಂಬತ್ತು ಸಾವಿರ ಕಟ್ಟಿದರೆ ವಾರದೊಳಗೆ ಒಂದು ಲಕ್ಷದ ಇಪ್ಪತ್ತು ಸಾವಿರ ವಾಪಸ್ಸಂತೆ. ಆಗ ನಾವು ಮನೆ ಖಾಲಿ ಮಾಡಿ ಜೆ.ಪಿ. ನಗರಕ್ಕೆ ಹೋಗುವ ಗಡಿಬಿಡಿಯಲ್ಲಿದ್ದೆವು. ಭಾನುವಾರ ಸಾಮಾನು ಸಾಗಿಸುವುದು, ಅವತ್ತೇ ಅಡ್ವಾನ್ಸ್ ವಾಪಸ್. ಅದನ್ನು ಹೊಸ ಓನರಿಗೆ ಕೊಟ್ಟರಷ್ಟೇ ಹೊಸ ಮನೆಯ ಬೀಗದ ಕೈ. ನಮಗೆ ಕೊಡಲೆಂದು ಅಂಜನಮ್ಮ ಬ್ಯಾಂಕಿನಿಂದ ಎಂಬತ್ತು ಸಾವಿರ ತಂದು ಬೀರುವಿನಲ್ಲಿ ಇಟ್ಟಿದ್ದರು. ಆ ಮನೆಯಲ್ಲಿ ಆ ಹೊತ್ತಿಗೆ ಇದ್ದ ದುಡ್ಡೆಂದರೆ ಅದೊಂದೇ.

“ನಿನ್ನ ಎಂಬತ್ತಕ್ಕೆ ಏನೂ ಯೋಚ್ನೆ ಮಾಡ್ಬ್ಯಾಡ” ಎಂದು ತಿಮ್ಮರಾಯಪ್ಪನವರು ಮೆಟ್ಟಿಲ ಮೇಲೆ ನನ್ನ ಭುಜ ತಟ್ಟಿದರು. “ಕಂಪ್ನಿಗೆ ಕಟ್ಟಿ ವಾಪಸ್ ತಕ್ಕಂಡು ಕೊಡ್ತೀನಿ. ಜೊತೆಗೆ ಒಂದು ಸ್ವೀಟ್ ಬಾಕ್ಸು.”

ನಾನು ಅವರ ಕೈ ಹಿಡಿದುಕೊಂಡೆ. “ಅಂಕಲ್, ಅದು ಪಕ್ಕಾ ಮೋಸ! ಹೋದ್ರೆ ಬರಲ್ಲ!”

“ಖಾಲಿ ಮಾಡ್ಕಂಡು ಹೋಗೋನು ನೀನು. ನಾನು ಮುಂದಕ್ಕೆ ಬಂದ್ರೆ ನಿಂಗ್ಯಾಕಪ್ಪ ಉರಿ?” ಎಂದು ಅವರು ಡ್ಯೂಟಿಗೆ ಹೋದರು.

ನಾನು ಅಡುಗೆಮನೆಗೆ ಓಡಿದೆ. ಅಂಜನಮ್ಮ ಇರುವಾಗ ಬೀರು ತೆಗೆಸುವುದು ಯಾರಿಂದಲೂ ಆಗದು ಎಂಬ ಧೈರ್ಯ ನನಗೆ. ಆದರೆ ತಿಮ್ಮರಾಯಪ್ಪನವರು ನನಗಿಂತ ಮೊದಲೇ ಅಲ್ಲಿಗೆ ಹೋಗಿ ಬಂದಿದ್ದರು. ನಲವತ್ತು ವರ್ಷ ಸಂಸಾರ ಮಾಡಿದ ಮನುಷ್ಯ, ಹೆಂಡತಿಯ ಬೀಗ ಯಾವ ಕೈಗೆ ತೆರೆಯುತ್ತದೆ ಎಂದು ಬಲ್ಲವರು. ‘ಇದು ಮುಯ್ಯಿ ಕಣೇ’ ಎಂದಿದ್ದರು. ‘ನಮ್ಮ ಕಾರ್ಯಕ್ಕೆ ಅವ್ರು ಹಾಕಿದ್ರು. ಈಗ ಅವ್ರ ಕಾರ್ಯ, ನಾವು ಹಾಕೋದು. ಆಮ್ಯಾಲೆ ಅವ್ರು ಸೇರ್ಸಿ ವಾಪಸ್ ಹಾಕ್ತಾರೆ.’

“ಆಂಟಿ, ಕೆಲಸ ಕೊಡೋರು ದುಡ್ಡು ಕೊಡ್ತಾರೆ, ಕೇಳಲ್ಲ!” ಎಂದು ನಾನು ಕೂಗಿದೆ.

“ಕೇಳಿಲ್ಲ ಕಣಪ್ಪ. ಕಾರ್ಯ ಇಟ್ಕಂಡವ್ರೆ. ಅವ್ರು ಹಾಕಿದ್ದ ತಕ್ಕಂಡು ಈಗ ಸುಮ್ಕೆ ಕುಂತ್ಕಂಡ್ರೆ ನಾಲ್ಕು ಜನ ಏನಂತಾರೆ?”

ನಾಲ್ಕು ಜನದ ಮುಂದೆ ನನ್ನೊಬ್ಬನ ಮಾತು ನಡೆಯಲಿಲ್ಲ. ಆದರೆ ತಿಮ್ಮರಾಯಪ್ಪನವರು ತಾವೇ ತೋಡಿದ ಹಳ್ಳವನ್ನು ಗಮನಿಸಿರಲಿಲ್ಲ. ಮುಯ್ಯಿ ಎಂದ ಮೇಲೆ ಅದಕ್ಕೆ ಮುಯ್ಯಿಯ ಕಾನೂನೇ ಅನ್ವಯಿಸಬೇಕಲ್ಲ. ಸಂಜೆ ಮೇಡಂ ಫೋನ್ ಮಾಡಿ “ಸಾರ್, ಲಿಂಕ್ ಕಳಿಸಿದೀನಿ, ಒತ್ತಿ” ಎಂದಾಗ ಅಂಜನಮ್ಮ ಗಂಡನ ಕೈಯಿಂದ ಫೋನು ಕಿತ್ತುಕೊಂಡರು.

“ನೋಡಮ್ಮ, ಮುಯ್ಯಿನ ಲಿಂಕಲ್ಲಿ ಒತ್ತೋ ಪದ್ಧತಿ ನಮ್ಮಲ್ಲಿಲ್ಲ. ಎಲ್ಲೈತೆ ಹೇಳು ನಿನ್ ಆಫೀಸು. ಬಂದು, ಅರಿಶಿನ ಕುಂಕುಮ ಕೊಟ್ಟು, ಕೈನಾಗಿಟ್ಟು ಹೋಯ್ತೀವಿ.”

“ಮೇಡಂ, ಅದೆಲ್ಲ ಬೇಡ ಮೇಡಂ, ಅಕೌಂಟಿಗೆ ಹಾಕಿಬಿಡಿ.”

“ಅಕೌಂಟು ಬಂದೋರಿಗೆ ಎಲೆ ಹಾಕ್ತದಾ?”

“ಆಫರ್ ಇವತ್ತೇ ಮುಗಿಯುತ್ತೆ ಮೇಡಂ!”

“ಇವತ್ತು ಅಮಾಸೆ ಕಣವ್ವ. ಅಮಾಸೆ ದಿವ್ಸ ಯಾರಾದ್ರೂ ಕಾರ್ಯ ಮುಗಿಸ್ತಾರಾ? ನಾಳಿದ್ದು ಬುಧವಾರ ಬರ್ತೀವಿ. ಊಟಕ್ಕೆ ಎಷ್ಟು ಜನಕ್ಕೆ ಮಾಡಿಸ್ತಿದೀಯಾ?”

ಕೈಗೆ ಬಂದ ತುತ್ತು ಬಾಯಿಗೆ ಬರಲೊಲ್ಲದು, ಪಾಪ. ಕೊನೆಗೆ ಒಂದು ವಿಳಾಸ, ಒಂದು ಫೋಟೋ ಬಂದವು. ಜಯನಗರದ ಒಂದು ಆಫೀಸು, ಕನ್ನಡಕದ ಹೆಣ್ಣುಮಗಳು. ಅದನ್ನು ನೋಡಿಯಾದರೂ ಇವರು ನಂಬಿ ಲಿಂಕ್ ಒತ್ತಲಿ ಎಂಬುದು ಅವರ ಉಪಾಯ ಇರಬೇಕು. ಅಲ್ಲಿ ಖಾಲಿ ಸೈಟು, ಕಸದ ಗುಡ್ಡೆ ಕಂಡಾದರೂ ಇವರ ಕಣ್ಣು ತೆರೆಯಲಿ ಎಂಬುದು ನನ್ನ ಹರಕೆ.

ಬುಧವಾರ ಅಂಜನಮ್ಮನವರ ಅಣ್ಣ ಚಿಕ್ಕಬೈರಪ್ಪ ಟೆಂಪೋ ತಂದರು. ತಟ್ಟೆಗಳಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಮಲ್ಲಿಗೆ, ಎಲೆ ಅಡಿಕೆ, ಹಸಿರು ರೇಷ್ಮೆ ಸೀರೆ, ಒಂದು ಕುಪ್ಪಸದ ಕಣ ಸಿದ್ಧವಾದವು. ಹಿಡಿದುಕೊಳ್ಳಲು ಬೀದಿಯ ಮೂವರು ಮುತ್ತೈದೆಯರು ಹತ್ತಿದರು. ದುಡ್ಡಿನ ಚೀಲ ಅಂಜನಮ್ಮನವರ ಮಡಿಲಲ್ಲಿ. ನಾನು ರಜೆ ಹಾಕಿ ಎದುರು ಸೀಟಿನಲ್ಲಿ ಕೂತೆ. ನನ್ನ ಹೆಂಡತಿ ಮೈತ್ರಿ ಮೇಲಿನಿಂದಲೇ ಕೂಗಿದಳು, “ಚೀಲದ ಮೇಲಿಂದ ಕಣ್ಣು ತೆಗೀಬೇಡ್ರಿ!”

ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ನಿಂತಲ್ಲೇ ನಿಂತಾಗ ಫೋನು ಬಂತು. “ಸಾರ್, ಹಾಕಿದ್ರಾ?”

“ಬತ್ತಾ ಇದೀವಿ ಮೇಡಂ, ಸಿಗ್ನಲ್ನಾಗಿದೀವಿ. ಎಲೆ ಹಾಕ್ಸಿರಿ” ಎಂದರು ತಿಮ್ಮರಾಯಪ್ಪನವರು.

ಆ ವಿಳಾಸದಲ್ಲಿ ಖಾಲಿ ಸೈಟು ಇರಲಿಲ್ಲ. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ದೊಡ್ಡದಾಗಿ ಬೋರ್ಡು ಇತ್ತು: ‘ತೇಜಸ್ವಿನಿ ಅಂಡ್ ಕಂಪನಿ, ಆಡಿಟರ್ಸ್’. ಒಳಗೆ ನಾಲ್ಕಾರು ಜನ ಕಂಪ್ಯೂಟರ್ ಕುಟ್ಟುತ್ತಿದ್ದರು. ಗಾಜಿನ ಕೋಣೆಯಲ್ಲಿ ಫೋಟೋದ ಹೆಣ್ಣುಮಗಳೇ ಅದೇ ಕನ್ನಡಕ ಹಾಕಿಕೊಂಡು ಕೂತಿದ್ದರು. “ಈಗೇನಂತೀಯ?” ಎನ್ನುವಂತೆ ತಿಮ್ಮರಾಯಪ್ಪನವರು ನನ್ನ ಕಡೆ ನೋಡಿದರು. ಹೇಳಲು ನಾಚಿಕೆ, ನನ್ನ ಬುದ್ಧಿಯೂ ಆ ಗಳಿಗೆಯಲ್ಲಿ ಓಡಿಹೋಯಿತು. ಅರೆ, ಕಂಪನಿ ನಿಜವಾಗಿಯೂ ಇದೆಯಲ್ಲ! ಮೈತ್ರಿಗೂ ಒಂದು ರಿವ್ಯೂ ಆಫೀಸರ್ ಕೆಲಸ ಕೇಳಿದರೆ ಹೇಗೆ ಎಂದು ಕೂಡ ಯೋಚಿಸಿದೆ.

ಅಷ್ಟರಲ್ಲಿ ಕೋಣೆಯ ಮೂಲೆಯಲ್ಲಿ ಮಗಳಿಗೆ ಊಟದ ಕ್ಯಾರಿಯರ್ ಬಿಚ್ಚುತ್ತಿದ್ದ ಹಿರಿಯರೊಬ್ಬರು ತಲೆಯೆತ್ತಿದರು. ಅವರು ತೇಜಸ್ವಿನಿಯವರ ತಾಯಿ ಇಂದ್ರಾಣಿ. ಮೂವತ್ತು ದಾಟಿದ ಮಗಳಿಗೆ ಗಂಡು ಹುಡುಕಿ ಹುಡುಕಿ ಸೋತಿದ್ದ ಆ ತಾಯಿಯ ಕಣ್ಣಿಗೆ ಸಾಲಾಗಿ ಬಂದ ಹೂವಿನ ತಟ್ಟೆ, ಹಣ್ಣಿನ ತಟ್ಟೆ, ಸೀರೆಯ ತಟ್ಟೆ ಬಿದ್ದವು. ಅವರು ಧಡಕ್ಕನೆ ಎದ್ದು ಮಗಳ ದುಪಟ್ಟಾ ಸರಿಮಾಡಿದರು.

“ಬನ್ನಿ ಬನ್ನಿ! ಒಂದು ಫೋನ್ ಮಾಡಿದ್ರೆ ಮನೇಗೇ ಬರಬಹುದಿತ್ತಲ್ಲ, ಇಲ್ಲೇ ಹನುಮಂತನಗರ.”

“ಮೇಡಂನೋರೇ ಇಲ್ಲಿಗೆ ಬನ್ನಿ ಅಂದ್ರು ತಾಯಿ” ಎಂದರು ತಿಮ್ಮರಾಯಪ್ಪನವರು.

ಇಂದ್ರಾಣಿಯವರು ಮಗಳ ಕಡೆ ತಿರುಗಿದರು. “ನೀನೇ ಕರೆದ್ಯೇನೇ?”

“ನಾನ್ಯಾರನ್ನೂ ಕರೆದಿಲ್ಲಮ್ಮ. ಸಾರ್, ಯಾರು ನೀವು?”

“ಏನ್ ಮೇಡಂ ಹಿಂಗಂತೀರಿ! ಇಷ್ಟು ದಿವ್ಸದಿಂದ ಬೆಳಿಗ್ಗೆ ರಾತ್ರಿ ಮಾತಾಡ್ತಾ ಇದೀವಿ. ‘ಗುಡ್ ನೈಟ್ ಡಿಯರ್’ ಅಂತ ದಿನಾ ಮೆಸೇಜು ಹಾಕ್ತೀರಿ.”

ಕಂಪ್ಯೂಟರ್ ಕುಟ್ಟುವ ಸದ್ದು ನಿಂತಿತು. “ಡಿಯರ್ರಾ?” ಎಂದು ಇಂದ್ರಾಣಿಯವರು ಕುರ್ಚಿಗೆ ಕುಸಿದರು. ಆದರೆ ಗಟ್ಟಿ ಹೆಂಗಸು, ತಕ್ಷಣ ಸಾವರಿಸಿಕೊಂಡರು. “ಹೋಗ್ಲಿ ಬಿಡಿ. ಈಗಿನ ಕಾಲದೋರು, ತಾವೇ ನೋಡ್ಕೊಂಡ್ರೆ ನಮಗೂ ಕಷ್ಟ ಕಮ್ಮಿ. ಹುಡುಗ ಎಲ್ಲಿ? ಇವರಾ?” ಎಂದು ನನ್ನ ಕಡೆ ಕೈ ತೋರಿಸಿದರು.

“ಇವನು ನಮ್ಮ ಬಾಡಿಗೆಯೋನು. ಮದ್ವೆ ಆಗೈತೆ” ಎಂದರು ಚಿಕ್ಕಬೈರಪ್ಪ.

“ಮತ್ತೆ ಯಾರು?”

“ನಾನೇ ತಾಯಿ” ಎಂದು ತಿಮ್ಮರಾಯಪ್ಪನವರು ಟ್ಯಾಗನ್ನು ಎದೆಯ ನಡುವಿಗೆ ಎಳೆದುಕೊಂಡರು.

ಪೇಟ ಹಾಕಿದ ಆ ಫೋಟೋವನ್ನು ಇಂದ್ರಾಣಿಯವರು ಕಣ್ಣು ಕಿರಿದು ಮಾಡಿ ನೋಡಿದರು. ಗಂಡನ ಪರವಾಗಿ ನಾಲ್ಕು ಮಾತಾಡುವುದು ತಮ್ಮ ಕರ್ತವ್ಯವೆಂದು ಅಂಜನಮ್ಮ ಮುಂದೆ ಬಂದರು. “ನಂಗೂ ಮೊದ್ಲು ಇಷ್ಟ ಇರ್ನಿಲ್ಲ ಕಣಮ್ಮ. ಈ ವಯಸ್ನಾಗೆ ಯಾಕೆ ಅಂದೆ. ಆಮ್ಯಾಲೆ ಅವರಿಗೂ ಒಂದು ಆಸೆ ಇರ್ತದಲ್ಲ, ಕೈ ಕಾಲು ಗಟ್ಟಿಯಿರೋಗಂಟ ಮಾಡ್ಕಳ್ಳಿ ಅಂತ ಒಪ್ಕಂಡೆ.”

“ನೀವು ಇವರಿಗೆ ಏನಾಗಬೇಕು?”

“ಹೆಂಡ್ತಿ.”

ಇಂದ್ರಾಣಿಯವರು ಕ್ಯಾರಿಯರ್ ಡಬ್ಬಿಯನ್ನು ಹಿಡಿಯ ಸಮೇತ ಎತ್ತಿದರು. ತಿಮ್ಮರಾಯಪ್ಪನವರು ಚಿಕ್ಕಬೈರಪ್ಪನ ಹಿಂದೆ ಸರಿದರು. ಮುತ್ತೈದೆಯರಲ್ಲಿ ಒಬ್ಬರ ತಟ್ಟೆಯಿಂದ ತೆಂಗಿನಕಾಯಿ ಉರುಳಿ ಮೇಜಿನ ಕೆಳಗೆ ಹೋಯಿತು. ಯಾರು ಏನು ಹೇಳುತ್ತಿದ್ದಾರೆಂದು ಯಾರಿಗೂ ಕೇಳದ ಆ ಗದ್ದಲದಲ್ಲಿ ತಿಮ್ಮರಾಯಪ್ಪನವರ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ ‘ತೇಜಸ್ವಿನಿ ಮೇಡಂ’ ಎಂದು ಹೆಸರು ಬಂದಿತ್ತು. ನಾನು ಕೈ ಚಾಚಿ ಸ್ಪೀಕರ್ ಒತ್ತಿದೆ.

“ಸಾರ್, ಇವತ್ತು ಆಫೀಸ್ ರಜ. ಬರಬೇಡಿ. ಬೇಗ ಲಿಂಕ್ ಒತ್ತಿ, ಇನ್ನು ಹತ್ತೇ ನಿಮಿಷ ಇರೋದು” ಎಂದಿತು ಫೋನು.

ತಿಮ್ಮರಾಯಪ್ಪನವರು ಒಮ್ಮೆ ಫೋನು ನೋಡಿದರು, ಒಮ್ಮೆ ತೇಜಸ್ವಿನಿಯವರ ಮುಖ ನೋಡಿದರು. “ಮೇಡಂ, ನೀವು ಬಾಯೇ ತೆಗೆದಿಲ್ಲ, ಇಲ್ಲಿ ಮಾತಾಡ್ತಾ ಇದೀರಲ್ಲ!” ಎಂದರು.

ತೇಜಸ್ವಿನಿಯವರಿಗೆ ಎಲ್ಲ ಅರ್ಥವಾಯಿತು. ಬಾಗಿ, ಫೋನಿಗೆ ಸ್ಪಷ್ಟವಾಗಿ ಹೇಳಿದರು. “ನಮಸ್ಕಾರ. ನಾನು ಆಡಿಟರ್ ತೇಜಸ್ವಿನಿ, ನನ್ನ ಆಫೀಸಿಂದಾನೇ ಮಾತಾಡ್ತಿದೀನಿ. ನೀವು ಯಾರು?”

ಆ ಕಡೆಯಿಂದ ಗಂಡಸಿನ ದನಿಯೊಂದು “ಲೇ, ಕಟ್ ಮಾಡೇ!” ಎಂದು ಕೂಗಿತು. ಫೋನು ಸತ್ತಿತು. ತಿಮ್ಮರಾಯಪ್ಪನವರ ಮೊದಲ ನೌಕರಿ ಅಲ್ಲಿಗೆ ಮುಕ್ತಾಯವಾಯಿತು.

ತೇಜಸ್ವಿನಿಯವರು ಎಲ್ಲರನ್ನೂ ಕೂರಿಸಿ ನೀರು ಕೊಟ್ಟರು. “ನನ್ನ ಫೋಟೋ, ಹೆಸರು, ವಿಳಾಸ ಎಲ್ಲ ನಮ್ಮ ವೆಬ್‌ಸೈಟಿಂದ ಕದ್ದಿದಾರೆ ಸಾರ್. ಮೊದಲು ನೂರಿನ್ನೂರು ಕೊಡೋದು ನಿಮಗೆ ನಂಬಿಕೆ ಬರ್ಲಿ ಅಂತ. ಕೆಲಸ ಕೊಡೋರು ನಿಮ್ಮಿಂದಾನೇ ದುಡ್ಡು ಕೇಳಿದ್ರೆ ಅದು ಕೆಲಸಾನೇ ಅಲ್ಲ.” ನಾನು ಕೂಗಿ ಹೇಳಿದ್ದೂ ಇದೇ ಮಾತು. ಆದರೆ ನನ್ನ ಹತ್ತಿರ ಗಾಜಿನ ಕೋಣೆ ಇರಲಿಲ್ಲವಲ್ಲ. ತೇಜಸ್ವಿನಿಯವರ ದನಿ ಸ್ವಲ್ಪ ತಗ್ಗಿತು. “ಹೋದ ತಿಂಗಳೂ ಒಬ್ಬರು ಬಂದಿದ್ರು. ರಿಟೈರಾದ ಟೀಚರ್. ಅದೇ ಕುರ್ಚೀಲಿ ಕೂತು ಅತ್ತುಬಿಟ್ರು. ಅವರು ಹಾಕಿದ ಮೇಲೆ ಬಂದ್ರು ಸಾರ್. ನೀವು ಹಾಕೋಕೆ ಮುಂಚೆ ಬಂದಿದೀರಿ.”

ಅಂಜನಮ್ಮ ಚೀಲದೊಳಗೆ ಕೈ ಹಾಕಿ ಕಟ್ಟುಗಳನ್ನು ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. ತಿಮ್ಮರಾಯಪ್ಪನವರು ಟ್ಯಾಗು ತೆಗೆದು ಜೇಬಿಗೆ ತುರುಕಿದರು.

“ನೀನು ಕೈನಾಗೇ ಕೊಡ್ಬೇಕು ಅಂತ ಹಟ ಹಿಡೀದಿದ್ರೆ ನಾನು ದುಡ್ನ ಬ್ಯಾಂಕಿಗೆ ಕಟ್ಟಿ ಲಿಂಕ್ ಒತ್ತಿಬಿಡ್ತಿದ್ದೆ ಕಣೇ ಅಂಜನಾ. ಆಮ್ಯಾಲೆ ಈ ಹುಡುಗನ ಮುಖ ಹೆಂಗೆ ನೋಡ್ತಿದ್ದೆ?” ಎಂದರು. ಅಷ್ಟು ದಿನ ಅವರ ಮೇಲೆ ನನಗಿದ್ದ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು.

ಅಂಜನಮ್ಮ ಮೂಗು ಸೀಟಿ, “ಸುಮ್ಕಿರಿ. ನಾನೂ ಮುಯ್ಯಿ ಅಂತ ನಂಬ್ಲಿಲ್ವಾ?” ಎಂದರು.

ವಾತಾವರಣ ತಿಳಿಯಾಗಲೆಂದು ನಾನು ಸೈಬರ್ ಸಹಾಯವಾಣಿಗೆ ಫೋನ್ ಮಾಡಿದೆ. ಆ ಕಡೆಯವರು ಶಾಂತವಾಗಿ ಎಲ್ಲ ಕೇಳಿಸಿಕೊಂಡು, “ಎಷ್ಟು ಹೋಗಿದೆ ಸಾರ್?” ಎಂದರು.

“ಏನೂ ಹೋಗಿಲ್ಲ ಸಾರ್. ನಾನೂರೈವತ್ತು ಬಂದಿದೆ.”

“ಇವತ್ತು ಬೆಳಗಿಂದ ನಾನು ಕೇಳಿದ ಮೊದಲನೇ ಒಳ್ಳೆ ಸುದ್ದಿ ಸಾರ್ ಇದು” ಎಂದು ಅವರು ಆ ಕಳ್ಳರ ಫೋನ್ ನಂಬರು ಬರೆದುಕೊಂಡರು. ಬಂದ ನಾನೂರೈವತ್ತನ್ನು ಮುಟ್ಟದೆ ಹಾಗೇ ಇಡಿ, ಯಾರದೋ ಕಳ್ಳತನದ ದುಡ್ಡು ಇರಬಹುದು ಎಂದೂ ಹೇಳಿದರು. ಅಂಜನಮ್ಮನವರಿಗೆ ಇದರಿಂದ ದೊಡ್ಡ ಸಮಾಧಾನವಾಯಿತು. ಕಳ್ಳರಿಗೆ ಮುಯ್ಯಿ ವಾಪಸ್ ಕೊಡುವುದು ಹೇಗೆ ಎಂಬ ಚಿಂತೆ ಅವರನ್ನು ಆಗಲೇ ಹಿಡಿದಿತ್ತು.

ತಂದ ತಟ್ಟೆಗಳನ್ನು ವಾಪಸ್ ಒಯ್ಯುವಂತಿಲ್ಲ. ತೇಜಸ್ವಿನಿಯವರು ಎಷ್ಟು ಬೇಡವೆಂದರೂ ಬಿಡದೆ ಅಂಜನಮ್ಮ ಕುಂಕುಮವಿಟ್ಟು, ಹೂ ಮುಡಿಸಿ, ಸೀರೆ ಕೊಟ್ಟರು. ಇಂದ್ರಾಣಿಯವರು ಕ್ಯಾರಿಯರ್ ಕೆಳಗಿಟ್ಟು, “ಅಂತೂ ಈ ವರ್ಷ ನನ್ನ ಮಗಳ ಮುಂದೆ ಯಾರೋ ತಟ್ಟೆ ತಂದಿಟ್ರಲ್ಲ” ಎಂದು ಮನಸಾರೆ ನಕ್ಕರು. ನಮಗೆಲ್ಲ ಒಂದೊಂದು ಹಿಡಿ ಪುಳಿಯೋಗರೆ ಕೈಗೆ ಹಾಕಿದರು. ನನ್ನನ್ನು ಪಕ್ಕಕ್ಕೆ ಕರೆದು, “ನಿಮ್ಮ ಆಫೀಸಲ್ಲಿ ಮದುವೆ ಆಗದೆ ಇರೋರು ಯಾರಾದ್ರೂ ಇದಾರೇನಪ್ಪ?” ಎಂದು ಮೆಲ್ಲಗೆ ವಿಚಾರಿಸಿದರು.

ಕೆಳಗಿಳಿದು ಟೆಂಪೋ ಹತ್ತುವ ಮುಂಚೆ ಅಂಜನಮ್ಮ ನನ್ನನ್ನು ತಡೆದರು. “ಭಾನುವಾರದ ಗಂಟ ಇದನ್ನ ಮನೇನಾಗಿಟ್ಕಳಕೆ ನಂಗೆ ಧೈರ್ಯ ಇಲ್ಲ. ಈ ಮನುಷ್ಯಂಗೆ ನಾಳೆ ಇನ್ನೆಂಥ ಕೆಲ್ಸ ಸಿಗ್ತದೋ. ಹಿಡಿ ಇದನ್ನ” ಎಂದು ನನ್ನ ಎರಡೂ ಕೈ ಮೇಲೆ ದುಡ್ಡಿನ ಕಟ್ಟುಗಳನ್ನಿಟ್ಟರು. ನನ್ನ ಕಣ್ಣು ತುಂಬಿ ಬಂತು. ಅವರು ಅದರಲ್ಲೇ ಒಂದು ತಿಂಗಳ ಬಾಡಿಗೆಯಷ್ಟು ಎಣಿಸಿ ಮತ್ತೆ ವಾಪಸ್ ತೆಗೆದುಕೊಂಡರು. “ಇದು ಪೇಂಟಿಂಗಿಗೆ.”

ಬೇರೆ ದಿನವಾಗಿದ್ದರೆ ಗೋಡೆಯ ಮೇಲೆ ಒಂದು ಮೊಳೆಯನ್ನೂ ಹೊಡೆದಿಲ್ಲವೆಂದು ಅರ್ಧ ದಿನ ವಾದಿಸುತ್ತಿದ್ದೆ. ಅವತ್ತು “ಸಾಕಾ ಆಂಟಿ? ಬೇಕಿದ್ರೆ ಇನ್ನೂ ತಗೊಳ್ಳಿ” ಎಂಬ ಮಾತು ತಾನಾಗಿಯೇ ಬಾಯಿಂದ ಬಂತು. ಬೆಂಗಳೂರಿನ ಬಾಡಿಗೆದಾರರ ಇತಿಹಾಸದಲ್ಲಿ ಹೀಗಂದವನು ನಾನೊಬ್ಬನೇ ಇರಬೇಕು.

ಮೈತ್ರಿಗೆ ಫೋನ್ ಮಾಡಿದೆ. “ಬಂತು ಕಣೆ. ಅರವತ್ತೇಳು ಸಾವಿರ.”

“ಮಿಕ್ಕಿದ್ದು? ಆ ಕಳ್ಳರು ಹೊಡ್ಕೊಂಡ್ರಾ?”

“ಇಲ್ಲ. ಪೇಂಟಿಂಗು.”

“ಅಬ್ಬಾ ದೇವರೇ, ಬದುಕಿದೆವು” ಎಂದು ಅವಳು ಉಸಿರು ಬಿಟ್ಟದ್ದು ಜಯನಗರದ ಆ ಗದ್ದಲದಲ್ಲೂ ನನಗೆ ಕೇಳಿಸಿತು.